ಟುಲೂಸ್‌ನಲ್ಲಿ ಬಂಗಾರಪೇಟೆ ನಾಲಿಗೆ

ಬಂಗಾರಪೇಟೆ ಪಾನಿಪುರಿಯ ಪಾನಿ ಮೋಸದ ಪದಾರ್ಥ. ಉಳಿದ ಊರುಗಳಲ್ಲಿ ಪಾನಿ ಹಸಿರಾಗಿ, ಪುದೀನ ತೇಲಿಸಿಕೊಂಡು, ‘ನಾನು ಖಾರ ಇದ್ದೇನೆ, ಹುಷಾರು’ ಎಂದು ಮೊದಲೇ ಬೋರ್ಡು ಹಾಕಿಕೊಂಡಿರುತ್ತದೆ. ನಮ್ಮೂರಿನದು ಕೈ ತೊಳೆಯಲು ಇಟ್ಟ ನೀರಿನಷ್ಟು ತಿಳಿ. ಹೊರಗಿನವರು ಗಾಡಿ ಮುಂದೆ ನಿಂತು ‘ಏನ್ರೀ, ಬರೀ ನೀರು ಹಾಕ್ತಾ ಇದ್ದೀರಲ್ಲ’ ಎಂದು ಜಗಳಕ್ಕೇ ಬಂದದ್ದುಂಟು. ಪೂರಿ ಒಡೆದ ಮೇಲೆ ಜಗಳ ಮುಂದುವರಿಸಲು ಅವರಿಗೆ ಬಾಯಿ ಉಳಿದಿರುವುದಿಲ್ಲ. ಈಗಂತೂ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕ ಕಾಣುತ್ತದೆ. ಅವುಗಳಲ್ಲಿ ಎಷ್ಟಕ್ಕೆ ಬಂಗಾರಪೇಟೆ ಯಾವ ದಿಕ್ಕಿಗಿದೆ ಎಂದು ಗೊತ್ತಿದೆಯೋ, ಆ ಮಾತು ಬೇಡ.

ಇಂಥ ಪಾನಿಯಲ್ಲಿ ಪಳಗಿದ ನಾಲಿಗೆಗೆ ಸ್ವಲ್ಪ ಕೊಬ್ಬು ಇರುವುದು ಸಹಜ. ನಮ್ಮ ಭಾವನ ನಾಲಿಗೆಗೆ ಅದು ಸ್ವಲ್ಪ ಜಾಸ್ತಿಯೇ ಇದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಹುಟ್ಟಿ, ಬೆಮೆಲ್‌ನಲ್ಲಿ ದುಡಿದು ನಿವೃತ್ತರಾದ ಈ ಮಹಾನುಭಾವರು ತರಕಾರಿ ಕೊಳ್ಳುವುದು ತಮಿಳಿನಲ್ಲಿ, ಬಯ್ಯುವುದು ತೆಲುಗಿನಲ್ಲಿ, ಅರ್ಜಿ ಬರೆಯುವುದು ಕನ್ನಡದಲ್ಲಿ, ನಮ್ಮಕ್ಕನಿಗೆ ಹೆದರುವುದು ಮೂರರಲ್ಲೂ. ಅವರ ಎಲ್ಲ ವಾದಗಳೂ 1902ರಿಂದ ಶುರುವಾಗುತ್ತವೆ. ಆ ವರ್ಷ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹೀಗಾಗಿ ಕ್ರಿಕೆಟ್ಟು, ರಾಜಕೀಯ, ಮಂಡಿನೋವು, ಯಾವ ಮಾತು ಬಂದರೂ ‘ನಮ್ಮಲ್ಲಿ ಬಲ್ಬು ಉರಿಯೋವಾಗ ಬೆಂಗಳೂರಿನವರು ಸೀಮೆಎಣ್ಣೆ ಬುಡ್ಡಿ ಒರೆಸ್ತಾ ಕೂತಿದ್ದರು’ ಎಂದು ಹೇಳಿ ಎದುರಾಳಿಯನ್ನು ಮಲಗಿಸಿಬಿಡುತ್ತಾರೆ.

ಊಟದ ವಿಷಯದಲ್ಲಂತೂ ಕೆಜಿಎಫ್‌ನವನಿಗೆ ಪಾಸ್‌ಪೋರ್ಟೇ ಬೇಡ ಎಂಬುದು ಅವರ ಸಿದ್ಧಾಂತ. ಪೂರ್ತಿ ಸುಳ್ಳಲ್ಲ. ಲವೆಲ್ ಎಂಬ ಐರಿಷ್ ಸಿಪಾಯಿ 1870ರ ದಶಕದಲ್ಲಿ ಇಲ್ಲಿ ಚಿನ್ನ ಹುಡುಕಲು ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಅದರ ಹಿಂದೆ ಕಾರ್ನ್‌ವಾಲ್‌ನ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಉತ್ತರ ಆರ್ಕಾಟಿನ ತಮಿಳರು, ಚಿತ್ತೂರು ಕಡೆಯ ತೆಲುಗರು, ಕಾವಲಿಗೆ ಪಂಜಾಬಿಗಳು. ಪ್ರತಿಯೊಬ್ಬರೂ ಒಂದೊಂದು ಪಾತ್ರೆ ಹೊತ್ತುಕೊಂಡೇ ಬಂದರು. ‘ಒಂದು ಬೀದಿಯಲ್ಲಿ ಮೂಗು ಮೇಲೆ ಮಾಡಿಕೊಂಡು ನಡೆದರೆ ಐದು ದೇಶ ದಾಟ್ತಿದ್ವಿ ಕಣೋ. ಫ್ರೆಂಚರು ಒಬ್ಬರು ಬಾಕಿ ಇದ್ದರು. ಅದನ್ನೂ ಮುಗಿಸಿಬಿಡೋಣ’ ಎಂದರು ಭಾವ. ಅವರ ಮಗ, ಅಂದರೆ ನನ್ನ ಸೋದರಳಿಯ, ಟುಲೂಸ್‌ನಲ್ಲಿ ವಿಮಾನದ ರೆಕ್ಕೆಯ ಲೆಕ್ಕ ಹಾಕುವ ಕೆಲಸದಲ್ಲಿದ್ದಾನೆ. ಅಕ್ಕ, ಭಾವ ಹೊರಟರು. ಮೂಟೆ ಹೊರಲು ನಾನು.

ಮೂಟೆಯಲ್ಲಿ ರಾಗಿಹಿಟ್ಟು, ಚಟ್ನಿಪುಡಿ, ಹುರಿದ ಅವರೆಕಾಳು, ಸಾರಿನ ಪುಡಿ ಇದ್ದವು. ವಾಪಸು ವಿಮಾನ ಹತ್ತುವತನಕ ಅದರ ಜಿಪ್ಪು ಎಳೆಯಕೂಡದೆಂದು ಭಾವ ಆಜ್ಞೆ ಹೊರಡಿಸಿದರು. ಐಫೆಲ್ ಗೋಪುರದ ಕೆಳಗೆ ಆಲೂಗೋಬಿ ತಿಂದು ‘ಫ್ರಾನ್ಸ್ ನೋಡಿದ್ವಿ’ ಎನ್ನುವ ಪ್ಯಾಕೇಜ್ ಟೂರಿನ ಜನರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅಕ್ಕ ಏನೂ ಹೇಳಲಿಲ್ಲ. ಬೀಗದ ಕೈಯನ್ನು ಮಾತ್ರ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಮೊದಲ ಪೆಟ್ಟು ಕೊಟ್ಟದ್ದು ಅಡುಗೆ ಅಲ್ಲ, ಗಡಿಯಾರ. ಅಲ್ಲಿನ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ಕ್ಕೆ ಶುರು, 2ಕ್ಕೆ ಅಡುಗೆಮನೆ ಬಂದ್. ಮತ್ತೆ ಒಲೆ ಉರಿಯುವುದು ಸಂಜೆ 7ರ ನಂತರ. ನಾವು ಊರು ಸುತ್ತಿ ಮೂರು ಗಂಟೆಗೆ ಬಾಗಿಲು ತಳ್ಳಿದರೆ, ಕುರ್ಚಿ ಖಾಲಿ ಇದೆ, ಮಾಣಿ ನಿಂತಿದ್ದಾನೆ, ಊಟ ಇಲ್ಲ. ಮೂರು ಪಾಳಿಯ ಗಣಿಯೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. ರಾತ್ರಿಪಾಳಿ ಮುಗಿಸಿ ಮೇಲೆ ಬಂದವನಿಗೆ ಬೆಳಗಿನ ಜಾವಕ್ಕೇ ಬಿಸಿ ಇಡ್ಲಿ ಸಿಗುತ್ತಿದ್ದ ಊರು ನಮ್ಮದು. ‘ಫ್ರೆಂಚರ ಊಟದ ಕ್ರಮವನ್ನೇ ಯುನೆಸ್ಕೊ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ ಅಪ್ಪಾ. ಹೊತ್ತಿಗೆ ಸರಿಯಾಗಿ, ಒಟ್ಟಿಗೆ ಕೂತು, ಒಂದಾದ ಮೇಲೊಂದು’ ಎಂದು ಸೋದರಳಿಯ ವಿವರಿಸಿದ. ‘ಪಟ್ಟಿಗೆ ಸೇರಿಸಿದ್ದು ಸರಿ, ಎಲೆಗೆ ಯಾವಾಗ ಹಾಕ್ತಾರೆ?’ ಎಂದರು ಭಾವ.

ಸಂಜೆ ಹಾಕಿದರು. ಬುಟ್ಟಿ ತುಂಬ ಬ್ರೆಡ್ಡು ಬಂತು, ಅದಕ್ಕೆ ತಟ್ಟೆ ಇಲ್ಲ. ಮುರಿದು ಮೇಜಿನ ಬಟ್ಟೆಯ ಮೇಲೇ ಇಟ್ಟುಕೊಳ್ಳುವುದು ಅಲ್ಲಿಯ ರೂಢಿ. ಎಂಜಲು ಮುಸುರೆಯ ಶಾಸ್ತ್ರದಲ್ಲಿ ಪದವಿ ಪಡೆದ ನಮ್ಮಕ್ಕ, ಕಾಗದದ ಕರವಸ್ತ್ರ ಹಾಸಿ ಅದರ ಮೇಲೆ ಬ್ರೆಡ್ಡನ್ನು ಪ್ರತಿಷ್ಠಾಪಿಸಿದಳು. ಬ್ರೆಡ್ಡು ಮಾತ್ರ, ಹೇಳಲೇಬೇಕು, ಅದ್ಭುತ. ಮೇಲೆ ಕರಕರ, ಒಳಗೆ ಜೇನುಗೂಡು. ಬ್ಯಾಗೆಟ್ ಮಾಡುವ ಕಸುಬಿಗೂ 2022ರಲ್ಲಿ ಯುನೆಸ್ಕೊ ಮುದ್ರೆ ಬಿದ್ದಿದೆ. ಸಾಂಪ್ರದಾಯಿಕ ಬ್ರೆಡ್ಡಿಗೆ ಹಿಟ್ಟು, ನೀರು, ಉಪ್ಪು, ಹುದುಗು ಬಿಟ್ಟು ಸಿಕ್ಕಸಿಕ್ಕದ್ದು ಸುರಿಯಬಾರದೆಂದು 1993ರಿಂದ ಸರ್ಕಾರಿ ಆದೇಶವೇ ಇದೆ.

ಆಮೇಲೆ ಬಂತು ಈರುಳ್ಳಿ ಸೂಪು. ಮೇಲೆ ಕಂದುಗಟ್ಟಿದ ಚೀಸಿನ ಹೊದಿಕೆ, ಕೆಳಗೆ ನೆನೆದ ಬ್ರೆಡ್ಡು, ಅದರಡಿಯಲ್ಲಿ ಕಾಫಿ ಬಣ್ಣದ ಸಾರು. ಆ ಬಣ್ಣ ನೋಡಿ ಭಾವನ ಕಣ್ಣು ಅರಳಿತು; ಮಾಂಸದ ಮಸಾಲೆ ಹುರಿದರೆ ಬರುವ ಬಣ್ಣ ಅದು. ಒಂದು ಚಮಚ ಬಾಯಿಗಿಟ್ಟರು. ಮುಖ ಇಳಿಯಿತು. ‘ಸಿಹಿ ಇದೆ!’ ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಾಡಿಸಿದರೆ ಸಿಹಿ ಬಿಡದೆ ಇನ್ನೇನು ಬಿಟ್ಟೀತು? ಪ್ಯಾರಿಸ್ಸಿನ ಹಳೆಯ ಸಗಟು ಮಾರುಕಟ್ಟೆ ಲೆ ಆಲ್‌ನಲ್ಲಿ ರಾತ್ರಿಯೆಲ್ಲ ಮೂಟೆ ಹೊತ್ತ ಕೂಲಿಗಳು ಬೆಳಗಿನ ಜಾವದ ಚಳಿಗೆ ಕುಡಿಯುತ್ತಿದ್ದದ್ದು ಈ ಸೂಪನ್ನೇ ಎಂದೆ. ‘ಪಾಪ. ಅವರಿಗೆ ಯಾರೂ ಮೆಣಸಿನಕಾಯಿ ಕೊಡಲಿಲ್ಲವೇ?’ ಎಂದರು ಭಾವ.

ಅಲ್ಲಿಂದ ಶುರುವಾಯಿತು ಸಪ್ಪೆ ಪುರಾಣ. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಮುಳುಗಿದ ಬಸವನಹುಳು, ಅದನ್ನು ಹಿಡಿಯಲೊಂದು ಇಕ್ಕಳ, ಕೀಳಲೊಂದು ಕಡ್ಡಿ, ಕೂರಿಸಲು ಗುಳಿ ಗುಳಿ ತಟ್ಟೆ: ಸಪ್ಪೆ. (‘ಮಳೆಗಾಲದಲ್ಲಿ ನಮ್ಮ ಟೊಮೆಟೊ ತೋಟದಲ್ಲಿ ಉಪ್ಪು ಎರಚಿ ಸಾಯಿಸ್ತೀವಿ, ಇಲ್ಲಿ ಆರಕ್ಕೊಂದು ತಟ್ಟೆ ಮಾಡಿದ್ದಾರೆ.’) ಕೋಳಿಯನ್ನು ಕೆಂಪು ವೈನಿನಲ್ಲಿ ಬೇಯಿಸಿದ್ದು: ಸಪ್ಪೆ, ಆದರೆ ವೈನು ಚೆನ್ನಾಗಿದೆ. ಬ್ರಿಟನಿಯ ಗಲೆಟ್, ಅಂದರೆ ಬಕ್‌ವೀಟ್ ಹಿಟ್ಟಿನ ಕಪ್ಪು ದೋಸೆ, ಒಳಗೆ ಮೊಟ್ಟೆ ಚೀಸು: ಮುಳಬಾಗಿಲಿನವರಿಗೆ ತೋರಿಸಬೇಡಿ, ನಕ್ಕಾರು. ಚೀಸಿನ ತಟ್ಟೆ ಬಂದಾಗ ಮಾತ್ರ ಅವರು ಸಪ್ಪೆ ಎನ್ನಲಿಲ್ಲ. ನೀಲಿ ಬೂಷ್ಟು ಹಿಡಿದ ರೊಕ್‌ಫೋರ್ ಮೂಗಿನ ಹತ್ತಿರ ಹೋಗಿ ವಾಪಸು ಬಂತು. ನೂರಾರು ಬಗೆ ಚೀಸಿರುವ ದೇಶವನ್ನು ಆಳುವುದು ಹೇಗಪ್ಪಾ ಎಂದು ಡಿ ಗಾಲ್ ಕೂಡ ಗೊಣಗಿದ್ದರಂತೆ. ‘ಆಳೋದು ಆಮೇಲೆ, ಮೊದಲು ಫಿನಾಯಿಲ್ ಹಾಕಿಸಬೇಕಿತ್ತು’ ಎಂದರು ಭಾವ.

ಸೋದರಳಿಯ ಸೋಲೊಪ್ಪದೆ ಬಾಸ್ಕ್ ಸೀಮೆಯ ಎಸ್ಪೆಲೆಟ್ ಮೆಣಸಿನಪುಡಿ ತಂದಿಟ್ಟ. ಫ್ರೆಂಚರು ಹೆಮ್ಮೆಯಿಂದ ಹೇಳಿಕೊಳ್ಳುವ ಖಾರ ಅದು. ಕೊಯ್ಲಿನ ಕಾಲದಲ್ಲಿ ಆ ಊರಿನ ಮನೆಗಳ ಗೋಡೆಗೆಲ್ಲ ಕೆಂಪು ಮೆಣಸಿನ ಸರಗಳು ತೂಗುತ್ತವೆ. ಭಾವ ಅಂಗೈ ತುಂಬ ಸುರಿದುಕೊಂಡು ನೆಕ್ಕಿ, ‘ಇದು ಮೆಣಸಿನಕಾಯಿ ಅಲ್ಲ, ಮೆಣಸಿನಕಾಯಿ ಫೋಟೊ’ ಎಂದು ತೀರ್ಪು ಕೊಟ್ಟರು. ಅಮೆರಿಕದಿಂದ ಹಡಗು ಹತ್ತಿ ಬಂದ ಒಂದೇ ಗಿಡ ಅದು, ಅವರಲ್ಲಿಗೂ ನಮ್ಮಲ್ಲಿಗೂ. ಅವರು ಅದನ್ನು ಗೋಡೆಗೆ ನೇತುಹಾಕಿದರು, ನಾವು ನಮ್ಮನ್ನೇ ಅದಕ್ಕೆ ನೇತುಹಾಕಿಕೊಂಡೆವು.

ಭಾವನ ಈ ಧಾಟಿ ನನಗೆ ಎಲ್ಲೋ ಓದಿದಂತಿತ್ತು. ನೆನಪಾಯಿತು. ‘ನಿಮ್ಮ ಹಾಗೇ ಒಬ್ಬಳು ಇದ್ದಳು ಭಾವ, ಪ್ಯಾರಿಸ್ಸಿನಲ್ಲಿ’ ಎಂದೆ. ಹೆಣ್ಣಿನ ಮಾತು ಎಂದ ಕೂಡಲೇ ಅವರೂ ಕಿವಿಗೊಟ್ಟರು, ಅಕ್ಕನೂ ಕಿವಿಗೊಟ್ಟಳು.

ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಕೋಟೆ ನೋಡಲು ಹೋದ ಯಾರಿಗೂ ಅಲ್ಲಿಂದ ವರ್ಸೇಲ್ಸ್ ಅರಮನೆಗೆ ಒಂದು ದಾರಿ ಇದೆ ಎಂದು ಹೊಳೆಯುವುದಿಲ್ಲ. ಹೈದರನ ಮಗ ಟಿಪ್ಪು 1787ರಲ್ಲಿ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗು ಹತ್ತಿಸಿದ: ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. ಇಂಗ್ಲಿಷರ ವಿರುದ್ಧ ಸೈನ್ಯ ಕೇಳಲು. 1788ರ ಜೂನಿನಲ್ಲಿ ಟೂಲಾನ್ ಬಂದರಿಗೆ ಇಳಿದರು, ಆಗಸ್ಟ್ 10ರಂದು ಹದಿನಾರನೆಯ ಲೂಯಿಯನ್ನು ಕಂಡರು. ಲೂಯಿಯ ಬೊಕ್ಕಸ ಆಗಲೇ ಬರಿದಾಗಿತ್ತು, ಮರುವರ್ಷ ಕ್ರಾಂತಿ. ಸೈನ್ಯದ ಮಾತು ಹಾಗೇ ಉಳಿಯಿತು. ಆದರೆ ಪ್ಯಾರಿಸ್ಸಿನ ಜನರಿಗೆ ಮಸ್ಲಿನ್ ಅಂಗಿ ತೊಟ್ಟ ಈ ಮೈಸೂರಿನವರನ್ನು ನೋಡುವುದೇ ಹಬ್ಬ. ರಾಣಿ ಮರಿ ಆಂಟೊನೆಟ್‌ಳ ಮೆಚ್ಚಿನ ಚಿತ್ರಕಾರ್ತಿ ವಿಜೇ ಲ ಬ್ರನ್ ಎಂಬಾಕೆ ಅವರ ಚಿತ್ರ ಬರೆಯಲೇಬೇಕೆಂದು ಹಟ ಹಿಡಿದಳು. ಬರೆದಳು ಕೂಡ: ಎತ್ತರದ ದರ್ವೇಶ್ ಖಾನ್, ಕೈಯಲ್ಲಿ ಕತ್ತಿ. ಆ ಚಿತ್ರ 2019ರಲ್ಲಿ ಹರಾಜಿಗೆ ಬಂದು 70 ಲಕ್ಷ ಡಾಲರ್ ದಾಟಿತು. ಬಣ್ಣ ಒಣಗುತ್ತಿದ್ದಾಗ ಖಾನ್ ಸಾಹೇಬರು ಅದನ್ನು ಎತ್ತಿಕೊಂಡು ಹೋಗಿ ಮಂಚದ ಹಿಂದೆ ಬಚ್ಚಿಟ್ಟು, ಇದಕ್ಕಿನ್ನೂ ಆತ್ಮ ಬಂದಿಲ್ಲ, ಕೊಡುವುದಿಲ್ಲ ಎಂದು ಕೂತರಂತೆ. ಆಕೆ ಉಪಾಯ ಹೂಡಿ ಅದನ್ನು ವಾಪಸು ಪಡೆಯಬೇಕಾಯಿತು. ತನ್ನ ನೆನಪುಗಳಲ್ಲಿ ಆಕೆಯೇ ಬರೆದುಕೊಂಡಿದ್ದಾಳೆ.

ಊಟದ ಕಥೆ ಬರುವುದು ಅದೇ ಪುಸ್ತಕದಲ್ಲಿ. ರಾಯಭಾರಿಗಳು ಆಕೆಯನ್ನೂ ಆಕೆಯ ಗೆಳತಿಯನ್ನೂ ಊಟಕ್ಕೆ ಕರೆದರು. ಹೋಗಿ ನೋಡಿದರೆ ಮೇಜಿಲ್ಲ, ಪಾತ್ರೆಗಳೆಲ್ಲ ನೆಲದ ಮೇಲೆ. ಘಾಗ್ರಾ ಗಾತ್ರದ ಗೌನು ಹಾಕಿಕೊಂಡ ಹೆಂಗಸರು ನೆಲಕ್ಕೆ ಒರಗಿ ಕೂರಬೇಕು. ಬಡಿಸಿದ್ದು ಕೈಯಲ್ಲಿ. ಒಂದು ಪಾತ್ರೆಯಲ್ಲಿ ಯಾವುದೋ ಮಾಂಸದ ಸಾರು, ಇನ್ನೊಂದರಲ್ಲಿ ಬಿಳಿ ಗೊಜ್ಜಿನಲ್ಲಿ ಕುರಿಯ ಕಾಲು, ಮಸಾಲೆ ಭರ್ಜರಿ. ಆ ಕಂದು ಕೈಗಳನ್ನೇ ಸೌಟು ಮಾಡಿಕೊಂಡದ್ದು ನೋಡಿ ಆಕೆಗೆ ಊಟ ಇಳಿಯಲೇ ಇಲ್ಲ. ಕೆಟ್ಟ ಊಟ ಎಂದು ಷರಾ ಬರೆದು ಮುಗಿಸಿದಳು. ತಮಾಷೆಯೆಂದರೆ ಅದೇ ದಿನಗಳಲ್ಲಿ ಈ ಮಹಾತಾಯಿ ತನ್ನ ಮನೆಯಲ್ಲಿ ‘ಗ್ರೀಕ್ ಔತಣ’ ಏರ್ಪಡಿಸಿ, ಅತಿಥಿಗಳಿಗೆ ಪುರಾತನ ಗ್ರೀಕರಂತೆ ಬಟ್ಟೆ ಸುತ್ತಿ, ಪುಸ್ತಕ ನೋಡಿ ಗ್ರೀಕ್ ಗೊಜ್ಜು ಮಾಡಿಸಿ ಬಡಿಸಿದ್ದಳು. ಸತ್ತು ಎರಡು ಸಾವಿರ ವರ್ಷವಾದವರ ಊಟ ರುಚಿಸಿತು, ಎದುರಿಗೆ ಕೂತು ಕೈಯಾರೆ ಬಡಿಸಿದವರದು ರುಚಿಸಲಿಲ್ಲ.

ಭಾವ ಇದನ್ನೆಲ್ಲ ಕೇಳಿ ನಾಚುತ್ತಾರೆ ಎಂದುಕೊಂಡಿದ್ದೆ. ಅವರು ಕೆಂಡವಾದರು. ‘ಕಾಲು ಪಾಯ ಬೇಡ ಅಂದಳಾ?’ ಅಕ್ಕ ತನ್ನ ಪಾಡಿಗೆ ಬಿಳಿ ಗೊಜ್ಜಿನ ಗುಟ್ಟು ಬಿಡಿಸುತ್ತಿದ್ದಳು: ‘ಗಸಗಸೆ, ತೆಂಗಿನಕಾಯಿ ನುಣ್ಣಗೆ ಅರೆದಿರಬೇಕು. ಅದಕ್ಕೇ ಬಿಳಿ.’ ಭಾವನಿಗೆ ಗೊಜ್ಜಿನ ಬಣ್ಣ ಬೇಕಿರಲಿಲ್ಲ, ಸೇಡು ಬೇಕಿತ್ತು. ಇಡೀ ಫ್ರಾನ್ಸಿನಲ್ಲಿ ಫ್ರೆಂಚರೇ ತಿನ್ನಲು ಹೆದರುವ ಅಡುಗೆ ಯಾವುದು, ಅದನ್ನು ತರಿಸು ಎಂದು ಮಗನಿಗೆ ಅಪ್ಪಣೆಯಾಯಿತು.

ಅಂಥದೊಂದು ಇದೆ. ಆಂಡುಯೆಟ್. ಹಂದಿಯ ಕರುಳು, ಹೊಟ್ಟೆಚೀಲ ಸೀಳಿ, ಅದನ್ನು ಇನ್ನೊಂದು ಕರುಳಿನೊಳಗೇ ತುಂಬಿದ ಸಾಸೇಜು. ಟ್ರುವಾ ಎಂಬ ಊರಿನದು ಹೆಸರುವಾಸಿ. ಅದಕ್ಕೊಂದು ಅಭಿಮಾನಿಗಳ ಸಂಘವೂ ಇದೆ. ಸದಸ್ಯರು ತಿಂದು ನೋಡಿ ಒಳ್ಳೆಯದಕ್ಕೆ ಐದು ‘ಎ’ ಮುದ್ರೆ ಕೊಡುತ್ತಾರೆ. (ಒಂದೇ ‘ಎ’ ಇರುವ ಸಿನಿಮಾಕ್ಕೆ ಕೆಜಿಎಫ್‌ನ ಟಾಕೀಸುಗಳಲ್ಲಿ ಎಂಥ ನೂಕುನುಗ್ಗಲು ಇರುತ್ತಿತ್ತೆಂದು ಬಲ್ಲ ಭಾವನಿಗೆ ಐದು ‘ಎ’ ಕೇಳಿಯೇ ರೋಮಾಂಚನ.) ಮಾಣಿ ಬಂದು, ಸೋದರಳಿಯನನ್ನು ಪಕ್ಕಕ್ಕೆ ಕರೆದು, ವಾಸನೆ ಇರುತ್ತದೆ, ನಿಮ್ಮ ತಂದೆಯವರಿಗೆ ಗೊತ್ತೋ ಎಂದು ಕೇಳಿದ. ತಟ್ಟೆ ಬಂತು. ಅದಕ್ಕಿಂತ ಮೊದಲೇ ವಾಸನೆ ಬಂದು ಕೂತಿತ್ತು. ಅಕ್ಕ ಸೆರಗು ಮೂಗಿಗೊತ್ತಿದಳು, ಸೋದರಳಿಯ ಕಿಟಕಿ ನೋಡಿದ. ಭಾವ ಒಂದು ತುಂಡು ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿದರು.

‘ಬೋಟಿ!’

ಆಂಡರ್‌ಸನ್‌ಪೇಟೆಯ ಭಾನುವಾರದ ಬೋಟಿ ಗೊಜ್ಜಿನಲ್ಲಿ ಹಲ್ಲು ಮೂಡಿಸಿಕೊಂಡ ಮನುಷ್ಯ. ಸಾಸಿವೆ ಗೊಜ್ಜು ಸವರಿಕೊಂಡು, ಬ್ರೆಡ್ಡಿನಿಂದ ತಟ್ಟೆ ಒರೆಸಿ, ಇನ್ನೊಂದು ತರಿಸಿದರು. ಮಾಣಿ ಒಳಗೆ ಹೋಗಿ ಅಡುಗೆಯವನನ್ನು ಕರೆತಂದು ತೋರಿಸಿದ. ಅವನು ಕೈಮುಗಿದಂತೆ ಏನೋ ಮಾಡಿದ. ಸಪ್ಪೆ ಎಂಬ ಪದ ಆ ರಾತ್ರಿ ಮತ್ತೆ ಕೇಳಲಿಲ್ಲ.

ಇದಾದ ಮೇಲೆ ಕ್ಯಾಸುಲೆ. ಟುಲೂಸ್‌ಗೆ ಹೋಗಿ ಇದನ್ನು ತಿನ್ನದೆ ಬಂದರೆ ಡಿಸೆಂಬರಿನಲ್ಲಿ ಕೋಲಾರಕ್ಕೆ ಹೋಗಿ ಅವರೆಕಾಳು ಮುಟ್ಟದೆ ಬಂದ ಪಾಪ. ಬಿಳಿ ಹುರುಳಿಕಾಯಿಯ ಒಣಬೀಜ ನೆನೆಸಿ, ಬಾತುಕೋಳಿ, ಸಾಸೇಜು ಸೇರಿಸಿ ಮಣ್ಣಿನ ಬೋಗುಣಿಯಲ್ಲಿ ಒಲೆಯೊಳಗೆ ಗಂಟೆಗಟ್ಟಲೆ ಇಡುವುದು. ಮೇಲೆ ಕೆನೆಗಟ್ಟಿದ ಪದರವನ್ನು ಏಳು ಸಲ ಒಡೆದು ಒಳಗೆ ತಳ್ಳಬೇಕೆಂದು ಹಳಬರ ಮಾತು. ಯಾವ ಊರಿನದು ಅಸಲಿ ಎಂದು ಟುಲೂಸ್, ಕಾರ್ಕಸೋನ್, ಕಾಸ್ಟೆಲ್‌ನೊದಾರಿ ಮೂರೂ ಇವತ್ತಿಗೂ ಕಿತ್ತಾಡುತ್ತವೆ. ಪ್ರಾಸ್ಪರ್ ಮೊಂತಾನ್ಯೆ ಎಂಬ ಪಾಕಪ್ರವೀಣ ಜಗಳ ಬಿಡಿಸಲು ಕಾಸ್ಟೆಲ್‌ನೊದಾರಿಯದು ತಂದೆ, ಕಾರ್ಕಸೋನಿನದು ಮಗ, ಟುಲೂಸಿನದು ಪವಿತ್ರಾತ್ಮ ಎಂದುಬಿಟ್ಟ. ಜಗಳ ಬಿಡಲಿಲ್ಲ, ಧರ್ಮಸೂಕ್ಷ್ಮವೂ ಸೇರಿಕೊಂಡಿತು.

ಕಾಳಿನ ವಿಷಯಕ್ಕೆ ಬಂದರೆ ಅಕ್ಕ ಯಾರ ಮಾತನ್ನೂ ಕೇಳುವವಳಲ್ಲ. ಒಂದು ಕಾಳನ್ನು ಬೆರಳುಗಳ ನಡುವೆ ಇಟ್ಟು ಹಿತುಕಿ ನೋಡಿದಳು. ‘ಹದವಾಗಿ ಬೆಂದಿದೆ’ ಎಂದಳು. ನಮ್ಮಕ್ಕನ ಬಾಯಿಂದ ಇದು ಸಣ್ಣ ಪ್ರಶಸ್ತಿಯಲ್ಲ. ಮೂವತ್ತು ವರ್ಷದಲ್ಲಿ ಅತ್ತೆಗೆ ಸಿಕ್ಕಿಲ್ಲ. ಮಿಕ್ಕದ್ದನ್ನು ಕಟ್ಟಿಸಿಕೊಂಡು ಮನೆಗೆ ತಂದಳು. ಮರುದಿನ ನಾವು ಎದ್ದಾಗ ಮೂಟೆಯ ಜಿಪ್ಪು ತೆರೆದಿತ್ತು.

ಶುಂಠಿ, ಬೆಳ್ಳುಳ್ಳಿ ಜಜ್ಜಿ, ಹಸಿಮೆಣಸಿನಕಾಯಿ ಸೀಳಿ ಹಾಕಿ ಒಗ್ಗರಣೆ ಕೊಟ್ಟು, ಕ್ಯಾಸುಲೆಯನ್ನು ಅದಕ್ಕೆ ಸುರಿದು, ಸಾರಿನ ಪುಡಿ ಉದುರಿಸಿ ಕುದಿಸಿದ್ದಾಳೆ. ಪಕ್ಕದ ಒಲೆಯ ಮೇಲೆ ಮುದ್ದೆ. ಸೋದರಳಿಯ ಕಂಗಾಲಾಗಿ ಕಿಟಕಿಗಳನ್ನು ಮುಚ್ಚಿದ. ಆಫೀಸಿನಲ್ಲಿ ಅವನ ಪಕ್ಕ ಕೂರುವವನು ಕಾಸ್ಟೆಲ್‌ನೊದಾರಿಯವನಂತೆ. ಸುದ್ದಿ ತಿಳಿದರೆ ಕೆಲಸಕ್ಕೆ ಕುತ್ತು ಎಂದು ಅವನ ಭಯ. ಹುಡುಗನಿಗೆ ತನ್ನ ಊರಿನ ಚರಿತ್ರೆ ಗೊತ್ತಿಲ್ಲ. ನೂರು ವರ್ಷ ಕೆಜಿಎಫ್‌ನಲ್ಲಿ ನಡೆದದ್ದು ಇದೇ ಕೆಲಸ. ಗಣಿಯ ಬಂಗಲೆಗಳ ಅಡುಗೆಯವರು ದೊರೆಗಳ ಪಾತ್ರೆಗೆ ಒಗ್ಗರಣೆ ಹಾಕಿದರು, ಆಂಗ್ಲೋ ಇಂಡಿಯನ್ ಮನೆಗಳು ಅದನ್ನು ತಮ್ಮದು ಮಾಡಿಕೊಂಡವು. ಭಾನುವಾರ ಊರ್ಗಾಂ, ಚಾಂಪಿಯನ್ ರೀಫ್ ಕಡೆಯ ಮನೆಗಳಲ್ಲಿ ಬಾಲ್ ಕರಿ, ತೆಂಗಿನಹಾಲಿನ ಹಳದಿ ಅನ್ನ, ಈರುಳ್ಳಿ ಒಣಮೆಣಸು ವಿನಿಗರ್ ಅರೆದ ಡೆವಿಲ್ ಚಟ್ನಿ. ವಾರದ ದಿನಗಳಲ್ಲಿ ಪೆಪ್ಪರ್ ವಾಟರ್ ಎಂಬ ಹೆಸರಿನ ನಮ್ಮದೇ ಸಾರು. ಕೆಜಿಎಫ್‌ನಲ್ಲಿ ಹುಟ್ಟಿದ ಬ್ರಿಜೆಟ್ ವೈಟ್-ಕುಮಾರ್ ಇವನ್ನೆಲ್ಲ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಬಾಲ್ ಕರಿ ಮುಚ್ಚಲಿಲ್ಲ.

ಮುದ್ದೆಗೆ ಕ್ಯಾಸುಲೆ ಹೇಗಿತ್ತು ಎಂದು ಕೇಳಬೇಡಿ. ಕಿಟಕಿ ಮುಚ್ಚಿದವನೇ ಎರಡನೇ ಮುದ್ದೆ ಕೇಳಿದ.

ವಾಪಸು ಬಂದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಭಾವನದೇ ದರ್ಬಾರು. ದಿನಾ ಬೆಂಗಳೂರಿಗೆ ಹೋಗಿಬರುವ ಮಂದಿ, ಬಂಗಾರಪೇಟೆ ಬರುವತನಕ ಅವರಿಗೂ ಬೇರೆ ಕೆಲಸವಿಲ್ಲ. ಈರುಳ್ಳಿ ಸೂಪು ಈಗ ‘ಡೆಲಿಕೇಟ್’ ಆಗಿತ್ತು. ರೊಕ್‌ಫೋರ್ ಚೀಸು ‘ಅಭ್ಯಾಸ ಬೇಕು’ ಎಂಬ ದರ್ಜೆಗೆ ಏರಿತ್ತು. ಖಾರ ಜಾಸ್ತಿ ತಿಂದು ತಿಂದು ನಮ್ಮವರ ನಾಲಿಗೆ ಕೆಟ್ಟಿದೆ ಎಂದು ಭಾವ ಪಕ್ಕದವನಿಗೆ ತಿಳಿವಳಿಕೆ ಹೇಳಿದಾಗ ನಾನು ಕಿಟಕಿಯತ್ತ ತಿರುಗಿದೆ. ಆಮೇಲೆ ಆಂಡುಯೆಟ್ ಕಥೆ, ಐದು ‘ಎ’ ಸಮೇತ.

ಆಂಡರ್‌ಸನ್‌ಪೇಟೆಯ ಒಬ್ಬ ಹಿರಿಯರು ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ‘ಎಷ್ಟು ಆಯ್ತು ಸಾರ್, ಆ ಬೋಟಿ?’

‘ಇಪ್ಪತ್ತು ಯೂರೋ. ನಮ್ಮ ದುಡ್ಡಲ್ಲಿ ಎರಡು ಸಾವಿರದ ಹತ್ತಿರ.’

ಡಬ್ಬಿ ತುಂಬ ಮೌನ. ಹಿರಿಯರು ಮುಂದಕ್ಕೆ ಬಾಗಿದರು. ‘ವಾಸನೆ ಇತ್ತು ಅಂತೀರ. ಸುಣ್ಣ ಹಾಕಿ, ಬಿಸಿನೀರಲ್ಲಿ ಸರಿಯಾಗಿ ತೊಳೆದಿದ್ರಾ?’

ಭಾವ ಮೀಸೆ ನೇವರಿಸಿಕೊಂಡರು. ‘ಪೂರ್ತಿ ತೊಳೆದುಬಿಟ್ಟರೆ ಅದರಲ್ಲಿ ಇನ್ನೇನಯ್ಯಾ ಉಳೀತದೆ?’